ನಾವು ಹಂಬಲಿಸುತ್ತಿರುವುದು 1980ರ ದಶಕದ ಬೆಂಗಳೂರಿಗಾಗಿಯೇ?

ಹನುಮಂತನಗರದ ಹಳೆಯ ನಿವಾಸಿ (ಚರ್ಚೆ ಆರಂಭಿಸಿದವರು)

ಮಾನ್ಯರೇ,

ಹನುಮಂತನಗರದ ನಮ್ಮ ಮನೆಯನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸುವ ಕರಾರಿಗೆ ನಾನು, ನನ್ನ ಅಣ್ಣ ಮತ್ತು ಅಕ್ಕ ಕಳೆದ ತಿಂಗಳು ಸಹಿ ಹಾಕಿದೆವು. ಯಾರೂ ನಮ್ಮನ್ನು ಒತ್ತಾಯಿಸಲಿಲ್ಲ. ಮಾಡು ಸೋರುತ್ತಿತ್ತು, ಮೆಟ್ಟಿಲು ಹತ್ತಲು ಅಮ್ಮನಿಗೆ ಆಗುತ್ತಿರಲಿಲ್ಲ, ಮೂವರಿಗೂ ಪಾಲು ಬೇಕಿತ್ತು. ಆದರೆ ಸಹಿ ಹಾಕಿ ಹೊರಗೆ ಬಂದವನು ಮನೆಗೆ ಹೋಗಲಾರದೆ, ನಾನು ಆಡಿ ಬೆಳೆದ ಬೀದಿಗಳಲ್ಲಿ ಎರಡು ಗಂಟೆ ಸುಮ್ಮನೆ ನಡೆದೆ. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ನಾನು ಹುಟ್ಟಿದ್ದು 1972ರಲ್ಲಿ, ಕೆಲಸಕ್ಕೆಂದು ಪುಣೆಗೆ ಹೋದದ್ದು 1996ರಲ್ಲಿ. ಆದ್ದರಿಂದ ‘ನಮ್ಮೂರು’ ಎಂದೊಡನೆ ನನ್ನ ಕಣ್ಣಿಗೆ ಕಟ್ಟುವುದು ರಾಮಾಂಜನೇಯ ಗುಡ್ಡದಿಂದ ಗಾಂಧಿ ಬಜಾರಿನವರೆಗೆ ಹಬ್ಬಿದ್ದ, ನಡೆದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ, 1980ರ ದಶಕದ ಒಂದು ಸಣ್ಣ ತುಂಡು ಬೆಂಗಳೂರು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಅಪ್ಪನ ಕೈ ಹಿಡಿದು ಹೋದರೆ, ದಾರಿಯುದ್ದಕ್ಕೂ ಅಪ್ಪನನ್ನು ಮಾತಾಡಿಸುವವರೇ ಸಿಗುತ್ತಿದ್ದುದರಿಂದ ದೇವಸ್ಥಾನ ತಲುಪುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ರಾಮಕೃಷ್ಣ ಆಶ್ರಮದ ಬಳಿ ಬಿ.ಟಿ.ಎಸ್. ಬಸ್ಸಿಗೆ ಕಾಯುವಾಗ ನಿಲ್ದಾಣದಲ್ಲಿದ್ದ ಹತ್ತು ಜನರಲ್ಲಿ ನಾಲ್ವರ ಮನೆ ನನಗೆ ಗೊತ್ತಿರುತ್ತಿತ್ತು. ಸಂಜೆ ಏಳು ಗಂಟೆಯ ಮೇಲೆ ನಮ್ಮ ಅಡ್ಡರಸ್ತೆಯ ಎಲ್ಲ ಮನೆಗಳವರೂ ಜಗಲಿಗೆ ಬಂದು ಕೂರುತ್ತಿದ್ದರು. ಹೆಂಗಸರು ಹೂ ಕಟ್ಟುತ್ತ, ಗಂಡಸರು ಕಾರ್ಖಾನೆಯ ಮತ್ತು ಕಚೇರಿಯ ಸುದ್ದಿ ಹೇಳಿಕೊಳ್ಳುತ್ತ, ನಾವು ಕತ್ತಲಲ್ಲಿ ಕಣ್ಣಾಮುಚ್ಚಾಲೆ ಆಡುತ್ತ ಕಳೆದ ಆ ಸಂಜೆಗಳಷ್ಟು ತೃಪ್ತಿಯ ಹೊತ್ತನ್ನು ನಾನು ಮತ್ತೆ ಎಲ್ಲಿಯೂ ಕಂಡಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನಾನು ಹಂಬಲಿಸುತ್ತಿರುವುದು ಆ ಊರಿಗಾಗಿಯೋ, ಆ ವಯಸ್ಸಿಗಾಗಿಯೋ? ಊರು ಹಾಗೆಯೇ ಇದ್ದಿದ್ದರೆ ನನಗೆ ನಿಜವಾಗಿಯೂ ಸಮಾಧಾನವಾಗುತ್ತಿತ್ತೆ? ದಯವಿಟ್ಟು ‘ಆಗ ಎಲ್ಲವೂ ಚೆನ್ನಾಗಿತ್ತು’ ಎಂದಷ್ಟೇ ಬರೆಯಬೇಡಿ. ಯಾವುದು ಚೆನ್ನಾಗಿತ್ತು, ಅದು ಯಾವ ಕಾರಣಕ್ಕೆ ಹಾಗಿತ್ತು ಎಂಬುದನ್ನು ನಿಮ್ಮ ಬೀದಿಯ ಅನುಭವದಿಂದ ಹೇಳಿ.

ದೂರವಾಣಿನಗರದ ಮಗಳು

ನಿಮ್ಮ ‘ಯಾವ ಕಾರಣಕ್ಕೆ’ ಎಂಬ ಮಾತಿಗೆ ನಾನು ಉತ್ತರಿಸಲು ಪ್ರಯತ್ನಿಸುತ್ತೇನೆ. ನಾನು ಬೆಳೆದದ್ದು ದೂರವಾಣಿ ತಯಾರಿಸುತ್ತಿದ್ದ ಐ.ಟಿ.ಐ. (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯ ಕಾಲೊನಿಯಲ್ಲಿ. ನಮ್ಮ ತಂದೆ ದೂರವಾಣಿ ಜೋಡಿಸುವ ವಿಭಾಗದಲ್ಲಿ ಕೆಲಸಗಾರರಾಗಿದ್ದರು. ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗಿದಾಗ ನಮ್ಮ ತಾಯಿ ಒಲೆಯ ಮೇಲಿದ್ದುದನ್ನು ಇಳಿಸುತ್ತಿದ್ದರು, ಸಂಜೆ ಕೂಗಿದಾಗ ಕಾಫಿಗೆ ನೀರಿಡುತ್ತಿದ್ದರು. ಸೈರನ್ ಆದ ಇಪ್ಪತ್ತು ನಿಮಿಷಕ್ಕೆ ಅಪ್ಪನ ಸೈಕಲ್ ಗೇಟಿನ ಬಳಿ ಇರುತ್ತಿತ್ತು. ಆ ಮೇಲಿನ ಐದು ಗಂಟೆಗಳು ಮನೆಯವರದ್ದು, ಓಣಿಯವರದ್ದು, ಕಾಲೊನಿಯ ನಾಟಕ ಸಂಘದವರದ್ದು.

ವಿಮಾನದ ಎಚ್.ಎ.ಎಲ್. 1940ರಲ್ಲಿ, ನಮ್ಮ ಐ.ಟಿ.ಐ. 1948ರಲ್ಲಿ, ಯಂತ್ರೋಪಕರಣಗಳ ಎಚ್.ಎಂ.ಟಿ. 1953ರಲ್ಲಿ, ಎಲೆಕ್ಟ್ರಾನಿಕ್ಸ್ ಉಪಕರಣಗಳ ಬಿ.ಇ.ಎಲ್. 1954ರಲ್ಲಿ ಆರಂಭವಾದವು. ಈ ಕಾರ್ಖಾನೆಗಳ ಹೊತ್ತೇ ಬೆಂಗಳೂರಿನ ಬಹಳಷ್ಟು ಮನೆಗಳ ಹೊತ್ತಾಗಿತ್ತು. ನಿಮ್ಮ ಜಗಲಿಯ ಸಂಜೆಗಳು ಸಾಧ್ಯವಾದದ್ದು ಆ ಗಂಡಸರೆಲ್ಲ ಐದೂವರೆಗೆ ಮನೆಗೆ ಬರುತ್ತಿದ್ದುದರಿಂದ, ಮುಂದಿನ ತಿಂಗಳ ಸಂಬಳ ಬಂದೇ ಬರುತ್ತದೆ ಎಂಬ ಧೈರ್ಯ ಅವರಿಗೆ ಇದ್ದುದರಿಂದ. ನಾನು ಹಂಬಲಿಸುವುದು ಆ ಧೈರ್ಯಕ್ಕಾಗಿ. ನನ್ನ ಮಗಳು ಹೊರವರ್ತುಲ ರಸ್ತೆಯ ಕಚೇರಿಯೊಂದರಲ್ಲಿ ನಮ್ಮ ತಂದೆ ಕಂಡು ಕೇಳದಷ್ಟು ಸಂಬಳ ತೆಗೆದುಕೊಳ್ಳುತ್ತಾಳೆ. ಆದರೆ ಅವಳ ಸಂಜೆ ಯಾವಾಗ ಶುರುವಾಗುತ್ತದೆ ಎಂದು ಅವಳಿಗೇ ತಿಳಿದಿರುವುದಿಲ್ಲ.

ಹಾಗೆಂದು ಆ ಧೈರ್ಯ ಪುಕ್ಕಟೆಯಾಗಿ ಸಿಕ್ಕದ್ದೂ ಅಲ್ಲ. 1980ರ ಡಿಸೆಂಬರ್ ಕೊನೆಯ ವಾರದಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಮುಷ್ಕರ ಹೂಡಿದಾಗ ಅದು 77 ದಿನ ನಡೆಯಿತು. ನನಗೆ ಆಗ ಒಂಬತ್ತು ವರ್ಷ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಕೊಬ್ಬರಿ ಕಡಿಮೆ ಹಾಕಿದ್ದು, ದಿನಸಿ ಅಂಗಡಿಯವರು ‘ಲೆಕ್ಕದ ಪುಸ್ತಕದಲ್ಲಿ ಬರೆದಿರುತ್ತೇನೆ, ತೆಗೆದುಕೊಂಡು ಹೋಗಮ್ಮ’ ಎಂದು ಎರಡು ತಿಂಗಳಿಗೂ ಮೀರಿ ಅಕ್ಕಿ ಬೇಳೆ ಕೊಟ್ಟದ್ದು ಇನ್ನೂ ನೆನಪಿದೆ. ಆ ಸಾಲವನ್ನು ಅಪ್ಪ ಮುಂದಿನ ಯುಗಾದಿಯವರೆಗೂ ತೀರಿಸಿದರು. ಮುಖಪರಿಚಯವೇ ಆಗ ಜಾಮೀನು. ದಿನವಿಡೀ ದೂರವಾಣಿ ಜೋಡಿಸುತ್ತಿದ್ದ ಅಪ್ಪನ ಮನೆಯಲ್ಲಿಯೇ ದೂರವಾಣಿ ಇರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ಆಗ ಊರಿಗೆಲ್ಲ ಸಾಮಾನ್ಯವಾಗಿತ್ತು.

ಸಸ್ಯಶಾಸ್ತ್ರದ ನಿವೃತ್ತ ಉಪನ್ಯಾಸಕ

ನೀವಿಬ್ಬರೂ ಮರಗಳ ಮಾತೆತ್ತಿಲ್ಲವಾದರೂ ಈ ಬಗೆಯ ಚರ್ಚೆ ನಾಲ್ಕನೆಯ ಮಾತಿಗೆ ಮರದ ನೆರಳಿಗೆ ಬಂದೇ ಬರುತ್ತದೆ ಎಂಬುದನ್ನು ಅನುಭವದಿಂದ ಬಲ್ಲೆ. ‘ಹಳೆಯ ಬೆಂಗಳೂರಿನ ಹಳೆಯ ಮರಗಳು’ ಎಂದು ನನ್ನ ವಿದ್ಯಾರ್ಥಿಗಳು ತೋರಿಸುತ್ತಿದ್ದ ಮರಗಳಲ್ಲಿ ಬಹಳಷ್ಟು ಹಳೆಯವೇ ಅಲ್ಲ. ಕಬ್ಬನ್ ಉದ್ಯಾನದ ಮತ್ತು ದೊಡ್ಡ ರಸ್ತೆಗಳ ಸಾಲುಮರಗಳ ಮಾತು ಬೇರೆ. ಅವುಗಳ ಹಿಂದೆ ಲಾಲ್‌ಬಾಗಿನ ಅಧೀಕ್ಷಕರಾಗಿದ್ದ ಜಿ.ಎಚ್. ಕ್ರುಂಬಿಗಲ್ ಅವರ ಕೈಯಿದೆ. ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ವರ್ಷದ ಯಾವ ತಿಂಗಳೂ ಊರು ಹೂವಿಲ್ಲದೆ ಇರಬಾರದು ಎಂಬ ಲೆಕ್ಕಾಚಾರ ಅವರದ್ದು.

ಆದರೆ ಬಡಾವಣೆಗಳ ಒಳರಸ್ತೆಗಳಲ್ಲಿರುವ ಮರಗಳ ಕಥೆ ಬೇರೆ. ಅರಣ್ಯ ಇಲಾಖೆಯ ಅಧಿಕಾರಿಯಾಗಿದ್ದ ಎಸ್.ಜಿ. ನೆಗಿನಹಾಳರ ಮುಂದಾಳತ್ವದಲ್ಲಿ 1980ರ ದಶಕದಲ್ಲಿ ಈ ಊರಿನಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ನಿಮ್ಮ ಬಾಲ್ಯದ ಕಾಲದಲ್ಲಿ ಅವು ಬೇಲಿಯೊಳಗೆ ನಿಂತ, ಮೊಣಕಾಲೆತ್ತರದ ಗಿಡಗಳು. ನಮ್ಮ ಬೀದಿಯ ಹೊಂಗೆಯ ಸಸಿಗೆ ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರು ಹಾಕುವ ಸರದಿಯನ್ನು ಮನೆ ಮನೆಗೆ ಹಂಚಿದ್ದರು. ಅಂದರೆ ನೀವು 1985ರ ಬೀದಿಯನ್ನು ನೆನೆಯುವಾಗ ಅದರ ಮೇಲೆ ಹರಡುವ ನೆರಳು 1985ರದ್ದಲ್ಲ, 2005ರದ್ದು. ನೆನಪು ಎರಡು ಕಾಲಗಳನ್ನು ತೆಗೆದುಕೊಂಡು ಒಂದೇ ಚಿತ್ರ ಮಾಡಿಬಿಟ್ಟಿದೆ.

ನಿಮ್ಮನ್ನು ಚುಚ್ಚಲು ಇದನ್ನು ಬರೆಯುತ್ತಿಲ್ಲ. 1971ರಲ್ಲಿ 16 ಲಕ್ಷಕ್ಕೆ ತುಸು ಮೇಲಿದ್ದ ಈ ಊರಿನ ಜನಸಂಖ್ಯೆ 1981ರ ಗಣತಿಯಲ್ಲಿ 29 ಲಕ್ಷ ದಾಟಿತ್ತು. ಹತ್ತೇ ವರ್ಷಗಳಲ್ಲಿ ಮುಕ್ಕಾಲು ಪಾಲು ಬೆಳೆದ ಊರು ಅದು. ಪೇಟೆಯಲ್ಲಿ ಹುಟ್ಟಿದ್ದ ನಮ್ಮ ಸೋದರಮಾವನವರು 1983ರಲ್ಲಿ ಜಯನಗರದ ನಮ್ಮ ಮನೆಗೆ ಬಂದಾಗಲೆಲ್ಲ ‘ಬೆಂಗಳೂರು ಕೆಟ್ಟುಹೋಯಿತು’ ಎಂದೇ ಚಪ್ಪಲಿ ಬಿಡುತ್ತಿದ್ದರು. ಅವರ ಪಾಲಿಗೆ 1898ರ ಪ್ಲೇಗಿನ ನಂತರ ಎದ್ದ ಬಸವನಗುಡಿ ಮತ್ತು ಮಲ್ಲೇಶ್ವರಗಳೇ ‘ಹೊಸ ಬಡಾವಣೆ’ಗಳು. ನಾವು ಯಾವ ಊರನ್ನು ಬದಲಾಗದ ಊರೆಂದು ಎದೆಗೆ ಅಪ್ಪಿಕೊಂಡಿದ್ದೇವೋ ಅದು ಅವರಿಗೆ ಬದಲಾಗಿ ಹೋದ ಊರಾಗಿತ್ತು.

ಬೇಗೂರು ಹೋಬಳಿಯವನು

ಉಪನ್ಯಾಸಕರ ಮಾತನ್ನು ಇನ್ನೂ ನಾಲ್ಕು ಹೆಜ್ಜೆ ಮುಂದಕ್ಕೆ ಒಯ್ಯಬೇಕಾಗಿದೆ. ನೀವೆಲ್ಲರೂ 1980ರ ದಶಕದ ಬೆಂಗಳೂರು ಕಳೆದುಹೋಯಿತು ಎನ್ನುತ್ತೀರಿ. ನಮ್ಮ ಊರು ಕಳೆದುಹೋದದ್ದೇ 1980ರ ದಶಕದಲ್ಲಿ.

ನಮ್ಮದು ಒಕ್ಕಲುತನದ ಮನೆ. ಮೂರೂವರೆ ಎಕರೆ ಹೊಲ, ಅದರಲ್ಲಿ ರಾಗಿ, ಅಕ್ಕಡಿಸಾಲಿನಲ್ಲಿ ಅವರೆ, ಬದುವಿನಲ್ಲಿ ಹುಚ್ಚೆಳ್ಳು. ಬಡಾವಣೆಗೆಂದು ಜಮೀನು ಸ್ವಾಧೀನವಾಗುತ್ತದೆ ಎಂಬ ನೋಟೀಸು ಬಂದಾಗ ನಮ್ಮ ತಾತನಿಗೆ ಓದು ಬರುತ್ತಿರಲಿಲ್ಲ. ಶಾಲೆಗೆ ಹೋಗುತ್ತಿದ್ದ ನಾನೇ ಅದನ್ನು ಓದಿ ಹೇಳಿದೆ. ‘ಸಾರ್ವಜನಿಕ ಉದ್ದೇಶ’ ಎಂಬ ಪದದ ಅರ್ಥವನ್ನು ತಾತ ಮೂರು ಸಲ ಕೇಳಿದರು. ಪರಿಹಾರದ ಹಣ ಕಂತಿನಲ್ಲಿ ಬಂದು, ಇಬ್ಬರು ಅತ್ತೆಯರ ಮದುವೆಗೂ ಒಂದು ಆಟೊ ಕೊಳ್ಳುವುದಕ್ಕೂ ಮುಗಿದುಹೋಯಿತು. ನಮ್ಮ ಹೊಲ ಇದ್ದಲ್ಲಿ ಈಗ ಏಳನೆಯ ಅಡ್ಡರಸ್ತೆ ಇದೆ. ಅಲ್ಲಿ 1990ರ ಸುಮಾರಿಗೆ ಮನೆ ಕಟ್ಟಿಕೊಂಡವರು ಕೂಡ ಈಗ ‘ಆಗಿನ ಶಾಂತ ಬಡಾವಣೆ ಈಗಿಲ್ಲ’ ಎಂದು ಕೊರಗುತ್ತಾರೆ. ಅವರ ಕೊರಗು ಸುಳ್ಳೆಂದು ನಾನು ಹೇಳಲಾರೆ. ಆದರೆ ಅವರ ಶಾಂತಿಯ ಬುಡದಲ್ಲಿ ನಮ್ಮ ಕಣ ಇತ್ತು.

ಊರೆಂದರೆ ಎಷ್ಟು ಹಳೆಯದು ಎಂಬ ಮಾತು ಬಂದಿರುವುದರಿಂದ ಇದನ್ನೂ ಹೇಳುತ್ತೇನೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. 890ರದ್ದೆಂದು ವಿದ್ವಾಂಸರು ಹೇಳುವ ವೀರಗಲ್ಲಿನ ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನ ನೆನಪಿಗೆ ನಿಲ್ಲಿಸಿದ ಕಲ್ಲದು. ‘ಬೆಂಗಳೂರು’ ಎಂಬ ಹೆಸರು ನಮಗೆ ಮೊದಲು ಸಿಗುವುದು ಅಂತಹ ಸಾವಿನ ಸುದ್ದಿಯಲ್ಲಿ, ನಮ್ಮ ಹೋಬಳಿಯ ಕಲ್ಲಿನ ಮೇಲೆ. ಆದರೆ ಕಾಗದದಲ್ಲಿ ನಾವು ಬೆಂಗಳೂರಿನವರಾದದ್ದು 2007ರಲ್ಲಿ. ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಮಾಡಿದ ವರ್ಷ ಅದು. ನಿಮಗೆ ಕಾವೇರಿ ನೀರಿನ ಮೊದಲ ಹಂತ ಬಂದದ್ದು 1974ರಲ್ಲಿ. ಆ 110 ಹಳ್ಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವೆ 50 ವರ್ಷ.

ನೀವು ಮರಳಿ ಬಂದರೆ ನೋಡಲು ಒಂದು ಗುಡ್ಡ, ಒಂದು ಗುಡಿ, ಒಂದು ಬಜಾರು ಇದೆ. ನನಗೆ ಉಳಿದಿರುವುದು ವರ್ಷಕ್ಕೊಮ್ಮೆ ಬರುವ ಊರಹಬ್ಬ. ಅಂದು ನಮ್ಮ ಮನೆಯ ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಏಳನೆಯ ಅಡ್ಡರಸ್ತೆಯ ಮೇಲೆಯೇ ಗ್ರಾಮದೇವತೆಯ ಗುಡಿಗೆ ನಡೆಯುತ್ತಾರೆ. ಎರಡೂ ಬದಿಯ ಮಹಡಿಗಳಿಂದ ಜನ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ನಮ್ಮವ್ವ ಒಂದು ಗೇಟಿನ ಮುಂದೆ ಬಂದಾಗ ಒಂದು ಗಳಿಗೆ ನಿಲ್ಲುತ್ತಾಳೆ. ಹೊಲದ ಬಾವಿ ಇದ್ದ ಜಾಗ ಅದು.

ಹನುಮಂತನಗರದ ಹಳೆಯ ನಿವಾಸಿ

ಬೇಗೂರಿನವರೇ, ನಿಮ್ಮ ಬರಹವನ್ನು ಎರಡು ಸಲ ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನನ್ನ ಹಂಬಲಕ್ಕೆ ಹೋಗಿ ನಿಲ್ಲಲು ಒಂದು ಬೀದಿಯಾದರೂ ಇದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ‘ಕಳೆದುಹೋಯಿತು’ ಎಂಬ ಪದವನ್ನು ನಾನು ಅಗ್ಗವಾಗಿ ಬಳಸಿದೆನೆಂದು ಈಗ ಅನ್ನಿಸುತ್ತಿದೆ.

ಚಾಮರಾಜಪೇಟೆಯ ನಿವೃತ್ತ ಶಿಕ್ಷಕಿ

ನನಗೆ 74 ವರ್ಷ. ಈ ವಿಷಯದಲ್ಲಿ ಗಂಡಸರು ಬರೆದುದನ್ನು ಓದುವಾಗಲೆಲ್ಲ ನನಗೆ ಒಂದು ಅನುಮಾನ ಏಳುತ್ತದೆ. ನೆನಪಿನ ಆ ಬೆಂಗಳೂರಿನಲ್ಲಿ ನೀರು ಹಿಡಿಯುತ್ತಿದ್ದವರು ಯಾರು?

ನಾವಿದ್ದದ್ದು ವಠಾರದಲ್ಲಿ. ಹನ್ನೊಂದು ಮನೆ, ಒಂದು ನಲ್ಲಿ, ಎರಡು ಪಾಯಿಖಾನೆ. ನಸುಕಿನ ನಾಲ್ಕು ಗಂಟೆಗೆ ನೀರು ಬರುತ್ತದೆ ಎಂದರೆ ಮೂರೂವರೆಗೆ ಬಿಂದಿಗೆಗಳ ಸಾಲು ಸಿದ್ಧವಾಗಿರಬೇಕಿತ್ತು. ಸೀಮೆಎಣ್ಣೆಯ ಸರದಿ, ಸೌದೆ ಡಿಪೋದ ಸರದಿ, ಗ್ಯಾಸಿಗೆ ಹೆಸರು ಬರೆಸಿದ ಮೇಲೆ ಅದು ಬರುವುದನ್ನು ಕಾಯುವ ಸರದಿ, ಇವೆಲ್ಲವೂ ಆದ ಮೇಲೆ ಸೀರೆ ಉಟ್ಟು ಶಾಲೆಗೆ ಓಡಿ ಒಂಬತ್ತೂವರೆಗೆ ಪ್ರಾರ್ಥನೆಗೆ ನಿಲ್ಲಬೇಕಿತ್ತು. ವಠಾರದಲ್ಲಿ ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಆಗುತ್ತಿದ್ದರು, ಹೌದು. ನನಗೆ ಟೈಫಾಯಿಡ್ ಆಗಿದ್ದಾಗ ಎದುರುಮನೆಯಾಕೆ ಇಪ್ಪತ್ತು ದಿನ ನನ್ನ ಮಕ್ಕಳಿಗೆ ಊಟ ಹಾಕಿದರು. ಅದೇ ವಠಾರದಲ್ಲಿ ನಾನು ಶಾಲೆಯಿಂದ ಅರ್ಧ ಗಂಟೆ ತಡವಾಗಿ ಬಂದರೆ ಹತ್ತು ಬಾಗಿಲುಗಳಿಗೆ ಅದರ ಲೆಕ್ಕ ಇರುತ್ತಿತ್ತು. ಎಲ್ಲರಿಗೂ ಪರಿಚಿತರಾಗಿರುವುದು ಗಂಡಸರಿಗೆ ಆಸರೆಯಾಗಿತ್ತು, ನಮಗೆ ಆಸರೆಯೂ ಕಾವಲೂ ಆಗಿತ್ತು. ಈಗ ನನ್ನ ಮೊಮ್ಮಗಳು ರಾತ್ರಿ ಒಂಬತ್ತಕ್ಕೆ ಮೆಟ್ರೊ ಇಳಿದು ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಒಬ್ಬಳೇ ಮನೆಗೆ ಬರುತ್ತಾಳೆ. ಯಾರೂ ಕೇಳುವುದಿಲ್ಲ. ಆ ನಿರಾಳವನ್ನು ಕೊಟ್ಟು 1985ನ್ನು ಕೊಂಡುಕೊಳ್ಳಲು ನಾನಂತೂ ಒಪ್ಪುವುದಿಲ್ಲ.

ಒಂದನ್ನು ಮಾತ್ರ ಮನಸಾರೆ ಹಂಬಲಿಸುತ್ತೇನೆ. ಶ್ರೀರಾಮ ಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದ ರಾಮನವಮಿಯ ಸಂಗೀತ ಕಚೇರಿಗಳು ನಮ್ಮ ಮನೆಯಿಂದ ಕೂಗಳತೆಯಲ್ಲಿ, ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಆಗುತ್ತಿದ್ದವು, ಈಗಲೂ ಆಗುತ್ತವೆ. ಆ ಒಂದು ತಿಂಗಳು ಮಾತ್ರ ನಮ್ಮ ಅತ್ತೆಯವರು ‘ಎಷ್ಟು ಹೊತ್ತಿಗೆ ಬರುತ್ತೀಯ’ ಎಂದು ಕೇಳುತ್ತಿರಲಿಲ್ಲ, ಏಕೆಂದರೆ ಅವರೂ ನನ್ನ ಪಕ್ಕದಲ್ಲಿಯೇ ಇರುತ್ತಿದ್ದರು. ಟಿಕೆಟಿಗೆ ದುಡ್ಡಿಲ್ಲದ ದಿನ ಮೈದಾನದ ಹೊರಗೆ, ರಸ್ತೆಯ ಬದಿಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಪಾನಕ, ಕೋಸಂಬರಿ, ಬಿಸಿಲು ಇಳಿದ ಮೇಲಿನ ಗಾಳಿ, ಧ್ವನಿವರ್ಧಕದಲ್ಲಿ ತೇಲಿ ಬರುವ ಆಲಾಪನೆ. ಮನೆಯಲ್ಲಿ ದಿನವಿಡೀ ಪರಸ್ಪರ ಮುಖ ಗಂಟು ಹಾಕಿಕೊಂಡಿರುತ್ತಿದ್ದ ಅತ್ತೆ ಸೊಸೆಯರು ಅಲ್ಲಿ ಒಂದೇ ತಾಳ ಹಾಕುತ್ತಿದ್ದೆವು. ಈಗ ಕಚೇರಿ ಇದೆ, ನನಗೆ ಮುಂದಿನ ಸಾಲಿನ ಟಿಕೆಟೂ ಇದೆ. ಅತ್ತೆಯವರಿಲ್ಲ.

ವಿಜಯನಗರದ ಹುಡುಗ

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಹುಟ್ಟಿದ್ದು 1998ರಲ್ಲಿ. ನನ್ನ ಬಾಲ್ಯದುದ್ದಕ್ಕೂ ನನಗೆ ಕೇಳಿಬಂದ ಮಾತೆಂದರೆ ‘ನೀನು ತಡವಾಗಿ ಬಂದೆ, ನಿಜವಾದ ಬೆಂಗಳೂರು ಮುಗಿದುಹೋಗಿದೆ’ ಎಂಬುದು. ತಾಯಿಯ ಊರಿಗೆ ಹೋದರೆ ನಮ್ಮನ್ನು ಬೆಂಗಳೂರಿನವರೆನ್ನುತ್ತಾರೆ, ಬೆಂಗಳೂರಿನಲ್ಲಿದ್ದರೆ ಇದು ಬೆಂಗಳೂರೇ ಅಲ್ಲ ಎನ್ನುತ್ತಾರೆ. ಹಾಗಾದರೆ ನನ್ನ ಊರು ಯಾವುದು?

2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಮೊದಲ ಮೆಟ್ರೊ ಓಡಿದಾಗ ಅಪ್ಪ ನನ್ನನ್ನು ಕರೆದುಕೊಂಡು ಹೋಗಿದ್ದರು. ಅಪ್ಪ ಕಿಟಕಿಯಿಂದ ಕೆಳಗೆ ನೋಡುತ್ತ, ಕಡಿದುಹೋದ ರಸ್ತೆಬದಿಯ ಮರಗಳನ್ನೂ ಜಾಗ ಬದಲಿಸಿದ ಇಂಡಿಯಾ ಕಾಫಿ ಹೌಸನ್ನೂ ನೆನೆದು ಮರುಗಿದರು. ನಾನು ಅದೇ ಕಿಟಕಿಯಿಂದ ಮೊದಲ ಬಾರಿಗೆ ನನ್ನ ಊರನ್ನು ಮೇಲಿನಿಂದ ಕಂಡು ಕುಣಿದಾಡಿದೆ. ಆ ದಿನದ ಸಂತೋಷ ನನ್ನ ಬಾಲ್ಯದ ಅತಿ ದೊಡ್ಡ ಸಂತೋಷಗಳಲ್ಲೊಂದು. ಇನ್ನು 30 ವರ್ಷ ಕಳೆದ ಮೇಲೆ ನಾನು ಹಂಬಲಿಸುವ ಬೆಂಗಳೂರು ಅದೇ ಆಗಿರುತ್ತದೆ, ಆಗ ಅದೂ ಬದಲಾಗಿರುತ್ತದೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ ಇದೆ. ನಮಗೆ ‘ಹೋಯಿತು’ ಎಂದು ಹೇಳುವುದಕ್ಕಿಂತ ಹೆಸರುಗಳನ್ನು ಹೇಳಿಕೊಡಿ. ಮೆಜೆಸ್ಟಿಕ್ ಎಂಬುದು ಒಂದು ಚಿತ್ರಮಂದಿರದ ಹೆಸರೆಂದು ನನಗೆ ಗೊತ್ತಾದದ್ದು ಕಾಲೇಜಿಗೆ ಸೇರಿದ ಮೇಲೆ. ಆ ಚಿತ್ರಮಂದಿರ ಇಲ್ಲ, ಬಸ್ ನಿಲ್ದಾಣದ ಬುಡದಲ್ಲಿದ್ದ ಧರ್ಮಾಂಬುಧಿ ಕೆರೆಯೂ ಇಲ್ಲ. ಆದರೂ ಪ್ರತಿದಿನ ಲಕ್ಷಾಂತರ ಜನ ಇಲ್ಲದ ಕೆರೆಯ ಮೇಲೆ ನಿಂತು ಇಲ್ಲದ ಚಿತ್ರಮಂದಿರದ ಹೆಸರು ಹೇಳಿ ಟಿಕೆಟ್ ಕೊಳ್ಳುತ್ತಾರೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ ಎಂಬುದು ತಿಳಿದ ಮೇಲೆ ಅಲ್ಲಿ ಓಡುವಾಗ ಕಾಲಿಗೆ ಬೇರೆಯದೇ ಅನುಭವವಾಗುತ್ತದೆ. ನನಗೆ 1985 ಬೇಕಾಗಿಲ್ಲ, ಆದರೆ ನನ್ನ ಕಾಲಡಿಯಲ್ಲಿ ಏನಿದೆ ಎಂಬುದು ತಿಳಿದಿರಬೇಕು.

ಹೊರದೇಶದಲ್ಲಿ ನೆಲೆಸಿರುವಾಕೆ

ಮಲ್ಲೇಶ್ವರದಲ್ಲಿ ಬೆಳೆದು 1994ರಲ್ಲಿ ದೇಶ ಬಿಟ್ಟವಳು ನಾನು. ನಾಲ್ಕೈದು ವರ್ಷಕ್ಕೊಮ್ಮೆ ಬಂದಾಗ ಸಂಪಿಗೆ ರಸ್ತೆಯಲ್ಲಿ ಯಾವ ಅಂಗಡಿ ಮುಚ್ಚಿದೆ ಎಂದು ಎಣಿಸುವುದೇ ನನ್ನ ಮೊದಲ ಕೆಲಸವಾಗಿತ್ತು. ಹೋದ ಸಲ ನನ್ನ ತಂಗಿ, ಅಪ್ಪ ಅಮ್ಮನನ್ನು ಇಪ್ಪತ್ತು ವರ್ಷ ನೋಡಿಕೊಂಡವಳು, ಮೆಲ್ಲನೆ ಹೇಳಿದಳು: ‘ಅಕ್ಕಾ, ನೀನು ಹೋಗುವಾಗ ಹೇಗಿತ್ತೋ ಹಾಗೆಯೇ ಇರಬೇಕು ಎನ್ನುತ್ತೀಯ. ನಾವು ಇಲ್ಲಿ ಬದುಕಬೇಕಲ್ಲ.’ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಬದಲಾಗುವ ಹಕ್ಕನ್ನು ನಾನೊಬ್ಬಳೇ ಇಟ್ಟುಕೊಂಡು, ಬದಲಾಗದೆ ಕಾಯುವ ಕೆಲಸವನ್ನು ಊರಿಗೂ ತಂಗಿಗೂ ವಹಿಸಿ ಹೋಗಿದ್ದೆ.

ಸಸ್ಯಶಾಸ್ತ್ರದ ನಿವೃತ್ತ ಉಪನ್ಯಾಸಕ

ಸಹೋದರಿಯವರ ಪ್ರಾಮಾಣಿಕತೆಗೆ ನಮಿಸುತ್ತೇನೆ. ಆದರೂ ಒಂದು ಎಚ್ಚರಿಕೆಯ ಮಾತು. ಹಂಬಲವೆಲ್ಲವೂ ಬರಿಯ ಮನಸ್ಸಿನದ್ದು ಎಂಬ ಕಡೆಗೆ ಈ ಚರ್ಚೆ ವಾಲಬಾರದು. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದು ಯಾರ ಭಾವುಕತೆಯೂ ಅಲ್ಲ. ಫ್ಯಾನ್ ಇಲ್ಲದೆ ಬೇಸಿಗೆ ಕಳೆಯುತ್ತಿದ್ದ ಮನೆಗಳು ನನ್ನ ಕಣ್ಣೆದುರಿಗೇ ಇದ್ದವು. ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಇಳಿಯುತ್ತಿದ್ದ ರಾಜಕಾಲುವೆಗಳು ಕಿರಿದಾದ ಮೇಲೆ ಪ್ರತಿ ದೊಡ್ಡ ಮಳೆಗೂ ಬಡಾವಣೆಗಳು ಮುಳುಗುತ್ತಿರುವುದೂ ಭ್ರಮೆಯಲ್ಲ. ನೆನಪು ಹೇಳುವುದರಲ್ಲಿ ಯಾವುದು ವಯಸ್ಸಿನದ್ದು, ಯಾವುದು ನೀರು, ನೆರಳು, ಹೊತ್ತುಗಳದ್ದು ಎಂದು ಬಿಡಿಸಿ ನೋಡಬೇಕು. ವಯಸ್ಸಿನದ್ದನ್ನು ಯಾರೂ ಹಿಂತಿರುಗಿಸಲಾರರು. ನೀರಿನದ್ದನ್ನೂ ನೆರಳಿನದ್ದನ್ನೂ ನಮ್ಮ ವಾರ್ಡಿನಲ್ಲಿ ಇವತ್ತೂ ಕೇಳಬಹುದು, ನಾನು ಕೇಳುತ್ತಲೇ ಇದ್ದೇನೆ.

ದೂರವಾಣಿನಗರದ ಮಗಳು

ಹೊತ್ತನ್ನೂ ಕೇಳಬೇಕು, ಗುರುಗಳೇ. ನನ್ನ ಮಗಳಿಗೆ ಒಂದು ಸಂಜೆ ಬೇಕು.

ಹನುಮಂತನಗರದ ಹಳೆಯ ನಿವಾಸಿ

ಎಲ್ಲರಿಗೂ ಋಣಿಯಾಗಿದ್ದೇನೆ. ನಿಮ್ಮ ಬರಹಗಳನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಆಕೆಗೆ ಈಗ 83 ವರ್ಷ. ಶಿಕ್ಷಕಿಯವರ ನಲ್ಲಿಯ ಮಾತು ಬಂದಾಗ ‘ಅವರು ಸರಿಯಾಗಿ ಬರೆದಿದ್ದಾರೆ’ ಎಂದಳು. ನನ್ನ ಜಗಲಿಯ ಸಂಜೆಗಳ ವರ್ಣನೆ ಬಂದಾಗ ಮಾತ್ರ ಸ್ವಲ್ಪ ಹೊತ್ತು ಯೋಚಿಸಿ ಹೀಗೆಂದಳು: ‘ನಾವೇನು ಸಂತೋಷಕ್ಕೆ ಹೊರಗೆ ಕೂರುತ್ತಿದ್ದೆವೇನೋ? ಏಳರಿಂದ ಎಂಟರವರೆಗೆ ಕರೆಂಟು ಹೋಗುತ್ತಿತ್ತು. ಒಳಗೆ ಸೆಖೆ, ಕತ್ತಲು. ಅದಕ್ಕೇ ಹೊರಗೆ ಬಂದು ಕೂರುತ್ತಿದ್ದೆವು.’

ನನಗೆ ಅದು ನೆನಪೇ ಇರಲಿಲ್ಲ. ಈಗ ಯೋಚಿಸಿದರೆ ಎಲ್ಲವೂ ಕೂಡಿ ಬರುತ್ತದೆ. ಆಗ ರಾಜ್ಯದ ವಿದ್ಯುತ್ತಿಗೆ ಶರಾವತಿಯೇ ಮುಖ್ಯ ಆಧಾರ. ಮಲೆನಾಡಿನಲ್ಲಿ ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಬೀದಿಗಳು ಸರದಿಯ ಮೇಲೆ ಕತ್ತಲಾಗುತ್ತಿದ್ದವು. ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ನಾವು ಕಣ್ಣಾಮುಚ್ಚಾಲೆ ಆಡುತ್ತಿದ್ದ ಆ ಕತ್ತಲು ಶರಾವತಿಯ ಲಿಂಗನಮಕ್ಕಿ ಜಲಾಶಯದಲ್ಲಿ ನೀರಿಲ್ಲದ ಕತ್ತಲು. ನನ್ನ ಬಾಳಿನ ಅತ್ಯಂತ ತೃಪ್ತಿಯ ಹೊತ್ತೆಂದು ನಾನು ಇಲ್ಲಿ ಬರೆದದ್ದು ಅಮ್ಮನ ಪಾಲಿಗೆ ಅಡುಗೆ ಅರ್ಧಕ್ಕೆ ನಿಂತ ಹೊತ್ತು. ಎರಡೂ ನಿಜವೆಂದು ಈಗ ಒಪ್ಪಿಕೊಂಡಿದ್ದೇನೆ. ಆದರೆ ಅಮ್ಮನ ಮಾತು ಕೇಳಿದ ಮೇಲೆ ಆ ಸಂಜೆಗಳ ಮೇಲಿನ ಪ್ರೀತಿ ನನಗೆ ಕಡಿಮೆಯಾಗಲಿಲ್ಲ. ಆ ಕತ್ತಲಿನಲ್ಲಿಯೂ ಆಕೆ ನಗುತ್ತ ಹೂ ಕಟ್ಟುತ್ತಿದ್ದಳು ಎಂಬುದು ಸೇರಿ ಅದು ಹೆಚ್ಚೇ ಆಗಿದೆ.

ವಿಜಯನಗರದ ತಮ್ಮನ ಬೇಡಿಕೆಯಂತೆ ನನಗೆ ಗೊತ್ತಿರುವ ಒಂದು ಹೆಸರನ್ನು ಇಲ್ಲಿ ಬರೆದಿಡುತ್ತೇನೆ. ನಮ್ಮ ಅಡ್ಡರಸ್ತೆ ಮುಖ್ಯರಸ್ತೆಯನ್ನು ಕೂಡುವ ಮೂಲೆಗೆ ಆಗ ‘ಸೌದೆ ಡಿಪೋ’ ಎಂದು ಹೆಸರು. ತಕ್ಕಡಿಯಲ್ಲಿ ಮಣದ ಲೆಕ್ಕದಲ್ಲಿ ಸರ್ವೆ ಸೌದೆ ತೂಗಿ ಕೊಡುತ್ತಿದ್ದರು. ಗ್ಯಾಸು ಬಂದ ಮೇಲೆ ಡಿಪೋ ಮುಚ್ಚಿ ಹಿಟ್ಟಿನ ಗಿರಣಿಯಾಯಿತು, ಆಮೇಲೆ ವಿಡಿಯೊ ಕ್ಯಾಸೆಟ್ ಅಂಗಡಿಯಾಯಿತು, ಈಗ ಕಣ್ಣಿನ ಆಸ್ಪತ್ರೆ ಇದೆ. ಡಿಪೋ ಮುಚ್ಚಿ 35 ವರ್ಷವಾದರೂ ಆಗಿರಬೇಕು.

ಹೋದ ಗುರುವಾರ ಅಮ್ಮನನ್ನು ಅಕ್ಕನ ಮನೆಯಿಂದ ಕರೆತರಲು ಆಟೊ ಹತ್ತಿಸಿದೆ. ಚಾಲಕನಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಮಾತಿನಲ್ಲಿ ಉತ್ತರ ಕರ್ನಾಟಕದ ರಾಗವಿತ್ತು. ನಾನು ಆಸ್ಪತ್ರೆಯ ಹೆಸರು ಹೇಳುವಷ್ಟರಲ್ಲಿ ಅಮ್ಮ ತನ್ನ ಎಂದಿನ ರೂಢಿಯಂತೆ ‘ಸೌದೆ ಡಿಪೋ ಹತ್ತಿರ ಬಿಡಪ್ಪ’ ಎಂದುಬಿಟ್ಟಳು. ಆತ ಮೊಬೈಲ್ ನೋಡಲಿಲ್ಲ, ನನ್ನನ್ನೂ ಕೇಳಲಿಲ್ಲ. ನೇರವಾಗಿ ತಂದು ಆ ಮೂಲೆಯಲ್ಲಿಯೇ ನಿಲ್ಲಿಸಿದ. ಅಲ್ಲಿ ಸೌದೆ ಡಿಪೋ ಇತ್ತೆಂದು ಅವನಿಗೆ ಹೇಗೆ ಗೊತ್ತಾಯಿತೆಂದು ಕೇಳಿದೆ. ‘ಡಿಪೋ ನಾ ನೋಡಿಲ್ರಿ, ಈ ಕಡೆ ಅಜ್ಜಿಯರೆಲ್ಲ ಹಂಗ ಅಂತಾರ್ರಿ’ ಎಂದು ಬಾಡಿಗೆ ತೆಗೆದುಕೊಂಡ.